ಇಳಿಸುವ ಜಾಗ

ಪಿಳ್ಳಮ್ಮ ಚಟ್ಟದ ಬಿದಿರು ಹಿಡಿದುಕೊಂಡು ನಿಂತುಬಿಟ್ಟಿದ್ದಳು. ಹೊರುವವರು ನಾಲ್ವರೂ ಬಗ್ಗಿದವರು ಬಗ್ಗಿದಂತೆಯೇ ಇದ್ದರು.

“ದಾರೀಲಿ ಎಲ್ಲಿ ಇಳಿಸ್ತೀರಾ ಹೇಳಿ. ಆಮೇಲೆ ಎತ್ತಿ,” ಅಂದಳು.

ಅರ್ಧ ದಾರಿಯಲ್ಲಿ ಒಮ್ಮೆ ಹೆಣ ಇಳಿಸಿ, ದಿಕ್ಕು ತಿರುಗಿಸಿ ಮತ್ತೆ ಹೊರುವುದು ಅವರಲ್ಲಿ ನಡೆದುಬಂದದ್ದು. ಹೆಂಗಸರು ಅಲ್ಲಿಯವರೆಗೆ ಮಾತ್ರ. ಮುಂದಿನದು ಗಂಡಸರ ದಾರಿ.

ಮಗ ಅಭಿನಂದನ್ ಒದ್ದೆ ಪಂಚೆಯಲ್ಲಿ, ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. “ಮೇನ್ ರೋಡ್ ಮೂಲೇಲಿ ಇಳಿಸ್ತೀವಮ್ಮ. ವ್ಯಾನ್ ಅಲ್ಲಿಗೇ ಬರುತ್ತೆ.”

“ಅಲ್ಲಿ ಬೇಡ. ಮೈದಾನದಲ್ಲಿ ಇಳಿಸಿ. ಚಕ್ರದ ಹತ್ರ.”

ಚಾಮರಾಜಪೇಟೆಯ ಆ ಮೈದಾನದಲ್ಲಿ ಬೇಸಿಗೆ ರಜೆಗೆ ಪ್ರತಿವರ್ಷ ಎಕ್ಸಿಬಿಷನ್ ಹಾಕುತ್ತಿದ್ದರು. ಪಿಳ್ಳಮ್ಮನ ಗಂಡ ಮರಿಯಣ್ಣನ ಮರದ ಕುದುರೆಗಳ ಚಕ್ರವಿಲ್ಲದೆ ಅದು ಶುರುವಾದದ್ದೇ ಇಲ್ಲ. ಈ ಸಲವೂ ಕುದುರೆಗಳಿಗೆ ಬಣ್ಣ ಹೊಡೆದು, ಅಚ್ಚಿಗೆ ಗ್ರೀಸು ಹಾಕಿ, ಮನೆಗೆ ಬಂದು ಉಂಡು ಮಲಗಿದವನು ಏಳಲಿಲ್ಲ. ಇವತ್ತು ಸಂಜೆ ಗೇಟು ತೆಗೆಯಬೇಕಿತ್ತು.

“ಶುರುವಾಗೋ ದಿನವೇ ಅಲ್ಲಿಗೆ ಹೆಣ ತಗೊಂಡ್ ಹೋದ್ರೆ ಅಂಗಡಿಯವ್ರು ಸುಮ್ನಿರ್ತಾರಾ?” ಅಂದ ಅಭಿನಂದನ್. “ಮಕ್ಕಳು ಬರೋ ಜಾಗ ಅದು. ಅಪ್ಪಾನೇ ಒಪ್ತಿರ್ಲಿಲ್ಲ.”

ಕೊನೆಯ ಮಾತಿಗೆ ಪಿಳ್ಳಮ್ಮನ ಕೈ ಸಡಿಲವಾಯಿತು. ಮಕ್ಕಳು ಹೆದರುವಂಥದ್ದನ್ನು ಆತ ಯಾವತ್ತೂ ಒಪ್ಪಿದವನಲ್ಲ.

ಮೈದಾನದಲ್ಲಿ ಅಂಗಡಿ ಇಡುವ ಮುನಿಯಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದೆ ಬಂದಳು. “ಮಕ್ಕಳು ಬರೋದು ಸಾಯಂಕಾಲ ಕಣಪ್ಪಾ. ಈಗ ಅಲ್ಲಿರೋದು ನನ್ನ ಬಾಂಬೆ ಮಿಠಾಯಿ ಮಿಷಿನ್ನು, ನಾಕು ನಾಯಿ. ಅವು ಹೆದರಲ್ಲ. ಅಂಗಡಿಯವ್ರ ಪೈಕಿ ಯಾರಾದ್ರೂ ತಕರಾರು ತೆಗೆದ್ರೆ ನನ್ನ ಹತ್ರ ಕಳಿಸು.”

ಜಗಲಿಯ ಮೇಲೆ ಕೋಲು ಊರಿಕೊಂಡು ಕೂತಿದ್ದ ಚಕ್ರಪಾಣಿಯವರು ಆಗ ಬಾಯಿ ತೆರೆದರು. ಪಕ್ಕದ ರಸ್ತೆಯವರು, ಗುಮಾಸ್ತರಾಗಿದ್ದು ರಿಟೈರ್ ಆದವರು. “ಅಭಿ, ಅಲ್ಲಿ ನಿಮ್ಮಮ್ಮಂಗೆ ಅಂತ ಒಂದು ಜಾಗ ಇದೆಯಪ್ಪ. ಯಾಕೆ ಅಂತ ನಂಗೊತ್ತು.”

*

ತೊಂಬತ್ತೆರಡನೇ ಇಸವಿಯ ಬೇಸಿಗೆ ಅದು. ಚಕ್ರಕ್ಕೆ ಮೋಟಾರೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಮರಿಯಣ್ಣನೇ ತಳ್ಳಬೇಕು, ಭುಜ ಕೊಟ್ಟು ಅವನೇ ನಿಲ್ಲಿಸಬೇಕು. ಎಲ್ಲೆಂದರಲ್ಲಿ ನಿಲ್ಲಿಸಿ ಇಳೀರಿ ಅನ್ನುವವನಲ್ಲ. ಮಗುವಿನ ತಾಯಿ ಎಲ್ಲಿ ನಿಂತಿದ್ದಾಳೋ ಅಲ್ಲಿಗೇ ಕುದುರೆಯನ್ನು ತಂದು, ಮುಖಕ್ಕೆ ಮುಖ ಸಿಗುವಂತೆ ನಿಲ್ಲಿಸುತ್ತಿದ್ದ. ಆ ಮಗು ಇಳಿದ ಮೇಲೆ ಮತ್ತೆ ಮೆಲ್ಲಗೆ ತಳ್ಳಿ ಇನ್ನೊಂದು ಕುದುರೆ, ಇನ್ನೊಬ್ಬ ತಾಯಿ.

“ಅಷ್ಟೊತ್ತಿಗೆ ನಂದು ಎರಡು ಟ್ರಿಪ್ ಆಗುತ್ತೆ ಮರಿಯಣ್ಣ,” ಎಂದು ಜಯಂಟ್ ವೀಲಿನವನು ಆಡಿಕೊಳ್ಳುತ್ತಿದ್ದ.

“ಆಗ್ಲಿ ಬಿಡು. ಹೆದರ್ಕೊಂಡು ಹತ್ತಿರೋ ಮಗು ಇಳಿಯುವಾಗ ಅವರಮ್ಮನ್ನ ನೋಡ್ಬೇಕು, ನನ್ನ ಮೀಸೆನಲ್ಲ.”

ಆ ವರ್ಷವೇ ಚಕ್ರಪಾಣಿಯವರ ಮಗಳು ತೀರಿಕೊಂಡಿದ್ದಳು. ಮೊಮ್ಮಗಳು ಧೃತಿಯನ್ನು ಅವರೇ ಕರೆತಂದು ಬಿಳಿ ಕುದುರೆಯ ಮೇಲೆ ಕೂರಿಸಿದರು. ಮಿಕ್ಕವರೆಲ್ಲ ಇಳಿದರೂ ಅವಳು ಇಳಿಯಲಿಲ್ಲ. ತಾತ ಕೈ ಚಾಚಿದರೆ ಕಂಬ ಅಪ್ಪಿಕೊಂಡು ಕಣ್ಣು ಮುಚ್ಚಿದಳು.

“ನಂಗೂ ಅಮ್ಮ ಬರ್ಲಿ,” ಅಂದಳು.

ಚಕ್ರಪಾಣಿಯವರು ಮುಖ ಆಚೆ ತಿರುಗಿಸಿದರು. ಮರಿಯಣ್ಣ ಅವಳೊಬ್ಬಳನ್ನೇ ಕೂರಿಸಿಕೊಂಡು ಮತ್ತೆ ಚಕ್ರ ತಳ್ಳಿದ. ತಳ್ಳುತ್ತಲೇ ಹೆಂಡತಿಗೆ, “ಆ ಬೇವಿನ ಮರದ ಹತ್ರ ಹೋಗಿ ನಿಂತ್ಕೊ. ಕೈ ಚಾಚು,” ಅಂದ.

“ನಾನ್ಯಾಕೆ? ಅದು ಅವರಮ್ಮನ್ನ ಕೇಳ್ತಿದೆ.”

“ಗೊತ್ತು. ಯಾರಾದ್ರೂ ಒಬ್ರು ನಿಂತಿರ್ಬೇಕಲ್ಲ.”

ಬಿಳಿ ಕುದುರೆ ಬಂದು ಪಿಳ್ಳಮ್ಮನೆದುರಿಗೆ ಸರಿಯಾಗಿ ನಿಂತಿತು. ಹುಡುಗಿ ಕಣ್ಣು ಬಿಟ್ಟು, ಗುರುತಿಲ್ಲದ ಹೆಂಗಸನ್ನು ಬಹಳ ಹೊತ್ತು ನೋಡಿ, ಕಂಬ ಬಿಟ್ಟು ಎರಡೂ ಕೈ ಕೊಟ್ಟಳು.

ಅಂದಿನಿಂದ ಎದುರಿಗೆ ಯಾರೂ ಇಲ್ಲದ ಮಕ್ಕಳಿಗೆಲ್ಲ ಬೇವಿನ ಮರದ ಬಳಿ ಪಿಳ್ಳಮ್ಮ ನಿಲ್ಲುತ್ತಿದ್ದಳು.

*

“ನಂಗ್ಯಾರೂ ಹೇಳೇ ಇಲ್ವಲ್ಲ,” ಅಂದ ಅಭಿನಂದನ್.

“ಹೇಳೋದೇನು, ರಜೇಲಿ ನೀನೂ ಬಂದು ತಳ್ತಿದ್ದೆ. ನೋಡ್ತಿರ್ಲಿಲ್ವಾ?” ಅಂದಳು ಪಿಳ್ಳಮ್ಮ.

“ತಳ್ಳೋಕೆ ಬರ್ತಿತ್ತು. ನಿಲ್ಲಿಸೋಕೆ ಬರ್ತಿರ್ಲಿಲ್ಲ. ನಾನು ನಿಲ್ಲಿಸಿದ್ರೆ ಮಕ್ಕಳು ಮುಗ್ಗರಿಸ್ತಿದ್ವು.” ಅವನು ಅಪ್ಪನ ಮುಖ ನೋಡಿದ. “ಎಳೀಬೇಡ ಕಣೋ, ಅದರ ಜೊತೆ ಎರಡು ಹೆಜ್ಜೆ ಹೋಗು, ತಾನೇ ನಿಲ್ಲುತ್ತೆ ಅಂತಿದ್ರು. ಕೊನೇವರೆಗೂ ನಂಗೆ ಬರ್ಲೇ ಇಲ್ಲ.”

ಅಭಿನಂದನ್ ಮಡಕೆಯನ್ನು ಸರಿಮಾಡಿ ಹಿಡಿದುಕೊಂಡು ಫೋನಿನಲ್ಲಿದ್ದ ಚಿಕ್ಕಪ್ಪನ ಕಡೆ ತಿರುಗಿದ. “ವ್ಯಾನ್‌ನ ಮೈದಾನದ ಗೇಟಿಗೆ ಬರೋಕೆ ಹೇಳಿ ಚಿಕ್ಕಪ್ಪ.”

ಮೈದಾನದಲ್ಲಿ ಮೊಳೆ ಹೊಡೆಯುತ್ತಿದ್ದವರು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತರು. ಯಾರೂ ತಕರಾರು ತೆಗೆಯಲಿಲ್ಲ. ಜಯಂಟ್ ವೀಲಿನವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ. ಹೊಸ ಬಣ್ಣದ ಕುದುರೆಗಳು ಖಾಲಿ ನಿಂತಿದ್ದವು. ಪಿಳ್ಳಮ್ಮ ಯಾರನ್ನೂ ಕೇಳದೆ ಬೇವಿನ ಮರದ ಬಳಿಗೆ ನಡೆದಳು.

ಮರದ ಹತ್ತಿರವೇ ಚಟ್ಟ ಇಳಿಸಿದರು. ಮತ್ತೆ ಎತ್ತಿ ತಿರುಗಿಸುವಾಗ ಒಬ್ಬ ಅತ್ತ, ಒಬ್ಬ ಇತ್ತ ಎಳೆದು ಚಟ್ಟ ವಾಲಿತು.

“ತಡೀರಿ,” ಅಂದ ಅಭಿನಂದನ್. ಮಡಕೆಯನ್ನು ನೆಲಕ್ಕಿಟ್ಟು, ತಲೆಯ ಕಡೆಯ ಬಿದಿರಿಗೆ ತನ್ನ ಭುಜ ಕೊಟ್ಟ. “ಎಳೀಬೇಡಿ. ಜೊತೆಗೆ ಬನ್ನಿ.”

ಚಟ್ಟ ಮೆಲ್ಲಗೆ ತಿರುಗಿತು. ಅಭಿನಂದನ್ ಅದರೊಂದಿಗೆ ಎರಡು ಹೆಜ್ಜೆ ನಡೆದು, ಕಾಲೂರಿ ನಿಂತ. ಹೂವೊಂದೂ ಅಲುಗಲಿಲ್ಲ. ಹೆಗಲೆತ್ತರದಲ್ಲಿ, ಕುದುರೆಯ ಮೇಲೆ ಕೂತ ಮಗುವಿನ ಎತ್ತರಕ್ಕೆ, ಮರಿಯಣ್ಣನ ಮುಖ ಪಿಳ್ಳಮ್ಮನ ಮುಖದೆದುರಿಗೆ ಬಂದು ನಿಂತಿತು.

ಅವಳ ಎರಡೂ ಕೈಗಳು ಆಗಲೇ ಚಾಚಿಕೊಂಡಿದ್ದವು.