ಹತ್ತರಲ್ಲಿ ಮೂರು

ನೋವು ಎಷ್ಟಿದೆ ಎಂದು ನರ್ಸ್ ಮಾರ್ಲೂಸ್ ಕೇಳಿದಳು. ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಬೇಕು. ನನ್ನ ಎಡಭುಜದಲ್ಲಿ ಒನಕೆ ಹಾಕಿ ಕುಟ್ಟಿದಂತಾಗುತ್ತಿತ್ತು. ನಗುತ್ತಾ “ಮೂರು” ಎಂದೆ.

“ಪ್ರೀಮಾ,” ಎಂದು ಬರೆದುಕೊಂಡು ಹೋಗಿಯೇಬಿಟ್ಟಳು. ಡಚ್ಚಿನಲ್ಲಿ ಒಳ್ಳೆಯದಾಯಿತು ಎಂದರ್ಥ. ಏನು ಒಳ್ಳೆಯದೋ, ನನ್ನ ಕರ್ಮ!

ಮೈಸೂರಿನ ನಮ್ಮ ಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕಲೇ ಎಂದರೆ ಮೊದಲು ಬೇಡ ಎನ್ನಬೇಕು. ಬಡಿಸುವವರು ಮತ್ತೆ ಕೇಳಬೇಕು. ಮೂರನೇ ಸಲ ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಹಾಕಿಯೇಬಿಡಬೇಕು. ಆಸ್ಪತ್ರೆಯಲ್ಲೂ ನಾನು ಆ ಎರಡನೇ ಸಲಕ್ಕೇ ಕಾದೆ. ಈ ಡಚ್ ಊರು ನೈಮೆಗನ್‌ನಲ್ಲಿ ಹನ್ನೊಂದು ವರ್ಷದಿಂದ ಚಿಪ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದೇನೆ. ಈ ಜನ ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾರೆಂದು ತಿಳಿಯದವಳೇನಲ್ಲ. ಐವತ್ತೊಂದು ವರ್ಷವಾದರೂ ಬುದ್ಧಿ ಬಂದಿಲ್ಲ, ಅಷ್ಟೇ.

ಹಿಂದಿನ ದಿನ ನನ್ನ ಎಡ ಶ್ವಾಸಕೋಶದ ಒಂದು ಭಾಗ ತೆಗೆದಿದ್ದರು. ಬೆನ್ನಿಗೆ ಹಾಕಿದ ಸಣ್ಣ ನಳಿಕೆಯ ಔಷಧಿಯಿಂದ ಎದೆ ಮರಗಟ್ಟಿ ಗಾಯ ನೋಯುತ್ತಿರಲಿಲ್ಲ. ಕತ್ತರಿಯೇ ಮುಟ್ಟದ ಭುಜ ಮಾತ್ರ ಪ್ರಾಣ ಹಿಂಡುತ್ತಿತ್ತು. ದೀರ್ಘವಾಗಿ ಉಸಿರೆಳೆಯಲೂ ಆಗದು, ಕೆಮ್ಮಲೂ ಆಗದು. ಹೀಗೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಸಂಜೆಗೆ ಐಸಿಯುಗೆ ಕಳಿಸಬೇಕಾಗಬಹುದು ಎಂದು ಸರ್ಜನ್ ಹೇಳಿ ಹೋಗಿದ್ದರು. ಅದು ೨೦೨೦ರ ಏಪ್ರಿಲ್. ಐಸಿಯು ತುಂಬ ಕೊರೊನಾದವರು. ಅಲ್ಲಿಗೆ ಹೋದರೆ ಮುಗಿಯಿತು ನನ್ನ ಕತೆ ಎಂದು ಜೀವ ಹೆದರಿತ್ತು. ನೋಡಲು ಬರುವವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟಿದ್ದರೂ ನನಗೆ ಬರುವವರು ಯಾರಿದ್ದರು?

ಮಧ್ಯಾಹ್ನ ಮೈಸೂರಿನಿಂದ ತಂಗಿ ವಾಸಂತಿ ವಿಡಿಯೋ ಕಾಲ್ ಮಾಡಿದಳು.

“ನೋವಿದ್ಯಾ ಅಕ್ಕ?”

“ಪರವಾಗಿಲ್ವೇ.”

“ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡು. ನರ್ಸಿಗೆ ಹೇಳಿದ್ಯಾ?”

“ಹತ್ತರಲ್ಲಿ ಮೂರು ಅಂದೆ.”

“ನಿನ್ನ ತಲೆ! ಅತ್ತರೆ ತಾನೇ ಅಮ್ಮನೂ ಹಾಲು ಕೊಡೋದು? ಅಲ್ಲಿ ನಿನಗೆ ಬಲವಂತ ಮಾಡೋಕೆ ಯಾರಿದಾರೆ ಹೇಳು?”

ನಿಜವೇ. ಆದರೆ ಅದನ್ನು ಅವಳ ಬಾಯಲ್ಲಿ ಕೇಳಿ ತುಂಬ ಸಂಕಟವಾಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಬೆಲ್ ಒತ್ತಿದೆ.

“ಒಂಬತ್ತು,” ಎಂದೆ ಮಾರ್ಲೂಸ್‌ಗೆ.

“ಬೆಳಿಗ್ಗೆ ಮೂರಿತ್ತಲ್ಲ?”

“ಆಗಲೂ ಒಂಬತ್ತೇ.”

ಮಾಸ್ಕಿನ ಮೇಲೆ ಅವಳ ಕಣ್ಣು ದೊಡ್ಡದಾಯಿತು. “ನಾಲ್ಕು ದಾಟಿದ್ದರೆ ಆಗಲೇ ಡಾಕ್ಟರನ್ನು ಕರೆಯುತ್ತಿದ್ದೆ. ಯಾಕೆ ಹೇಳಲಿಲ್ಲ, ಮೇಡಂ?”

ಅವಳಿಗೆ ಹೋಳಿಗೆಯ ಕತೆ ಹೇಗೆ ಹೇಳಲಿ?

ಅರ್ಧ ಗಂಟೆಯಲ್ಲಿ ಅರಿವಳಿಕೆಯ ಡಾಕ್ಟರ್ ಬಂದರು. ಭುಜಕ್ಕೆ ಹೋಗುವ ನರವೇ ಬೇರೆ, ಬೆನ್ನಿನ ಔಷಧಿ ಅದಕ್ಕೆ ತಲುಪುವುದಿಲ್ಲ ಎಂದರು. ಸ್ಕ್ಯಾನ್ ಯಂತ್ರದಲ್ಲಿ ನರ ಹುಡುಕಿ, ಭುಜದ ಹಿಂದೆ ಸೂಜಿ ಚುಚ್ಚಿ ಅದನ್ನು ಮರಗಟ್ಟಿಸಿದರು. ಇಪ್ಪತ್ತು ನಿಮಿಷದಲ್ಲಿ ಕುಟ್ಟುವುದು ನಿಂತಿತು. ದಿಂಬನ್ನು ಎದೆಗೆ ಒತ್ತಿಕೊಂಡು ಉಸಿರೆಳೆದೆ, ಕೆಮ್ಮಿದೆ, ಕಫ ಬಂತು. ಸಂಜೆಯ ಎಕ್ಸ್‌ರೇ ನೋಡಿ ಸರ್ಜನ್, ಐಸಿಯು ಬೇಕಿಲ್ಲ ಎಂದರು. ಅಬ್ಬಾ, ಬದುಕಿದೆಯಾ ಬಡಜೀವವೇ!

“ಸ್ವಲ್ಪ ಹೊತ್ತು ನಿಮ್ಮ ಹತ್ತಿರ ಕೂರಲೇ?” ಎಂದು ಮಾರ್ಲೂಸ್ ಕೇಳಿದಳು.

“ಬೇಡ ಬೇಡ, ನಿಮಗೆ ಕೆಲಸ ಇರುತ್ತೆ,” ಎಂದೆ.

ಹೋದಳು. ಹೋಗದೆ ಇನ್ನೇನು ಮಾಡುತ್ತಾಳೆ?

ಕಿಟಕಿಯಾಚೆ ಖಾಲಿ ಬಸ್ಸುಗಳು ಹೋಗುತ್ತಿದ್ದವು. ಇಡೀ ದಿನ ನೋವಿನ ಜೊತೆ ಗುದ್ದಾಡಿದ್ದರಿಂದ ಒಬ್ಬಳೇ ಇದ್ದೇನೆ ಎನ್ನುವುದು ಅಷ್ಟಾಗಿ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಅಳು ಬಂತು. ಮತ್ತೆ ಬೆಲ್ ಒತ್ತಿದೆ.

ಮಾರ್ಲೂಸ್ ಓಡಿಬಂದಳು. “ಎಷ್ಟು?”

“ಸೊನ್ನೆ.”

“ಮತ್ತೆ?”

“ಕೂತ್ಕೊಳ್ಳಿ,” ಎಂದೆ.

ಅವಳು ಗಡಿಯಾರ ನೋಡಿ ಕುರ್ಚಿ ಎಳೆದುಕೊಂಡಳು. ಐದು ನಿಮಿಷ ಮಾತ್ರ ಇದೆ ಎಂದಳು. ಅಷ್ಟು ಸಾಕು ಎಂದೆ, ಅದೂ ಸುಳ್ಳೇ.