ಕದಲಿದರೆ ಕೂಗುತ್ತದೆ

ಕಾಶಮ್ಮನ ಉಂಗುರ ಸಿಕ್ಕಿದ್ದು ಹಿತ್ತಿಲಲ್ಲಿದ್ದ ವಾಷಿಂಗ್ ಮಷಿನ್ನಿನ ಬಾಗಿಲ ರಬ್ಬರಿನ ಸಂದಿಯಲ್ಲಿ. ಅಷ್ಟರೊಳಗೆ ಬಟ್ಟೆ ಒಗೆಯುವ ಹುಲಿಯಮ್ಮನನ್ನು ಮನೆ ಮುಂದಿನ ಬೀದಿಯಲ್ಲಿ ನಿಲ್ಲಿಸಿ, ಸೆರಗು ಕೊಡವಿಸಿ, ಎಲೆಅಡಿಕೆ ಚೀಲವನ್ನು ನೆಲಕ್ಕೆ ಸುರಿಸಿ, ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿ, ಕೆಲಸದಿಂದ ಓಡಿಸಿಯಾಗಿತ್ತು. ಉಂಗುರ ಸಿಕ್ಕಿದ್ದನ್ನು ಬೀದಿಗೆ ಯಾರೂ ಹೇಳಲಿಲ್ಲ. ಮುಂದಿನ ವಾರ ಕಾಶಮ್ಮನ ಗಂಡ, ಅಜ್ಜಂಪುರದ ಈರುಳ್ಳಿ ಮಂಡಿಯ ಈರಭದ್ರಪ್ಪ, ಮನೆಗೆ ಕಳ್ಳರನ್ನು ಹಿಡಿಯುವ ಅಲಾರ್ಮ್ ಹಾಕಿಸಲು ತರೀಕೆರೆಯ ಅಂಗಡಿಗೆ ಫೋನ್ ಮಾಡಿದ.

ಅಂಗಡಿಯವರು ಕಳಿಸಿದ್ದು ಕೋಮಲಾಳನ್ನು. ಕಡೂರಿನಲ್ಲಿ ಐಟಿಐ ಮುಗಿಸಿದವಳು, ಹುಲಿಯಮ್ಮನ ಮಗಳು. ವಾಷಿಂಗ್ ಮಷಿನ್ ರಿಪೇರಿಗೆ ಹೋಗಿ ಉಂಗುರ ತೆಗೆದುಕೊಟ್ಟ ಸುರೇಶನೂ ಅದೇ ಅಂಗಡಿಯವನು. "ಒಂದ್ ಲೋಟ ಮಜ್ಜಿಗೆ ಕೊಟ್ಟು, ಬಾಯಿ ಬಿಡಬ್ಯಾಡ ಅಂದ್ರು ಕಣೇ," ಎಂದು ಅವಳ ಹತ್ತಿರವೇ ಬಾಯಿ ಬಿಟ್ಟಿದ್ದ.

ಮುಂಬಾಗಿಲಿನಿಂದ ನಡುಮನೆಯ ಮೂಲೆಯವರೆಗೆ ಕಾಶಮ್ಮ ಹಳೇ ಪೇಪರ್ ಹಾಸಿದಳು.

"ಇದ್ರ ಮೇಲೇ ಓಡಾಡು ತಾಯಿ. ಧೂಳಾಗುತ್ತೆ ಅಂತ ಅಷ್ಟೇ, ಇನ್ನೇನಿಲ್ಲ."

ಬೀದಿ ಸುತ್ತಿ ಬಂದ ಅವರ ನಾಯಿ ಪಿಂಕಿ ಕೆಸರುಗಾಲಲ್ಲಿ ಪೇಪರನ್ನು ಬಿಟ್ಟು ಮಿಕ್ಕೆಲ್ಲ ಕಡೆ ಓಡಾಡಿ ಸೋಫಾ ಹತ್ತಿ ಮಲಗಿತು.

ಕೋಮಲಾ ಏಣಿ ಹತ್ತಿ ಮೂಲೆಯಲ್ಲಿ ಸೆನ್ಸರ್ ಕೂರಿಸಿದಳು. ಅದರ ವಯರನ್ನು ಗೋಡೆಗುಂಟ ಎಳೆದು ಮೆಟ್ಟಿಲ ಪಕ್ಕದ ಕಂಟ್ರೋಲ್ ಪೆಟ್ಟಿಗೆಗೆ ತಂದಳು. ಕೆಂಪು, ಕಪ್ಪು ಎಳೆಗಳು ಕರೆಂಟಿಗೆ. ಹಳದಿ, ಹಸಿರು ಸುದ್ದಿ ಮುಟ್ಟಿಸಲಿಕ್ಕೆ. ಯಾರೂ ಕದಲದಿದ್ದಾಗ ಹಳದಿ ಹಸಿರಿನ ಕೊಂಡಿ ಕೂಡಿಕೊಂಡಿರುತ್ತದೆ. ಕದಲಿದೊಡನೆ ಕಳಚುತ್ತದೆ, ಪೆಟ್ಟಿಗೆ ಬಾಯಿ ಬಡಿದುಕೊಳ್ಳುತ್ತದೆ. ಅವಳು ಒಂದೊಂದೇ ಸ್ಕ್ರೂ ಬಿಗಿಯುವುದನ್ನು ಈರಭದ್ರಪ್ಪ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ.

"ನಮ್ ಪಿಂಕಿ ಓಡಾಡಿದ್ರೆ ಕೂಗ್ಬಾರ್ದು ನೋಡಮ್ಮ."

"ಸಣ್ಣ ನಾಯಿಗೆ ಸೆಟ್ಟಿಂಗ್ ಐತೆ ಸಾರ್. ಮಾಡಿದೀನಿ."

"ಹಂಗೇ, ನಮ್ಮೋರು ಬಂದ್ರೆ ಸುಮ್ಕಿದ್ದು, ಬ್ಯಾರೇರು ಬಂದ್ರೆ ಕೂಗೋ ಸೆಟ್ಟಿಂಗು?"

"ಅದಿಲ್ಲ ಸಾರ್. ಮೈ ಬಿಸಿ ಕದಲಿದ್ರೆ ಕೂಗುತ್ತೆ, ಅಷ್ಟೇ."

"ಎಲ್ರ ಮೈನೂ ಒಂದೇ ಬಿಸೀನಾ?"

"ಒಂದೇ."

ಈರಭದ್ರಪ್ಪ ಹೆಂಡತಿಯ ಮುಖ ನೋಡಿದ. "ಚೀನಾ ಮಾಲಿರ್ಬೇಕು," ಎಂದಳು ಕಾಶಮ್ಮ.

ಪೆಟ್ಟಿಗೆಗೆ ಗುಟ್ಟಿನ ನಂಬರ್ ಹಾಕುವಾಗ ಅವನು, "ಆಕಡೆ ತಿರುಕ್ಕೋ," ಎಂದ. ಕೋಮಲಾ ಗೋಡೆಗೆ ಮುಖ ಮಾಡಿ ನಿಂತಳು.

"ಈಗ ಯಾರಾದ್ರೂ ನಡೆದು ನೋಡ್ಬೇಕು ಸಾರ್, ಹಿಡೀತದೋ ಇಲ್ವೋ ಅಂತ. ನಾನೇ ನಡೀತೀನಿ."

"ನೀನ್ಯಾಕೆ? ನಿಮ್ಮವ್ವನ್ನ ಕರ್ಸು. ಕಳ್ಳಿ ನಡೆದ್ರೆ ತಾನೆ ಮಿಷಿನ್ನಿನ ತಾಕತ್ತು ಗೊತ್ತಾಗೋದು."

ಕೋಮಲಾ ಅವನತ್ತ ತಿರುಗಿದಳು. "ಉಂಗ್ರ ಸಿಕ್ತಲ್ಲ ಸಾರ್. ನಮ್ ಸುರೇಶನೇ..."

"ನಿಮ್ಮಂಗ್ಡೀಗೆ ಫೋನ್ ಮಾಡ್ಲಾ? ನೀನು, ಆ ಬೋಳಿಮಗ ಸುರೇಶ, ಇಬ್ರೂ ನಾಳೆಯಿಂದ ಮನೇಲಿರ್ತೀರ." ಆಮೇಲೆ ದನಿಗೆ ಬೆಣ್ಣೆ ಹಚ್ಚಿದ. "ಬಂದು ಒಂದ್ಸಲ ನಡೆದು ಹೋಗ್ಲಿ. ನಾಳೆಯಿಂದ ಕೆಲ್ಸಕ್ಕೂ ಬರ್ಲಿ. ನಾನೇನು ಮನುಷ್ಯ ಅಲ್ವಾ?"

ಕೋಮಲಾ ಅಂಗಳಕ್ಕೆ ಹೋಗಿ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದಳು. "ಬರಬ್ಯಾಡ ಕಣವ್ವ."

"ಅದು ಯಂಗೆ ಕೂಗೋದು?"

"ಕದಲಿದ್ರೆ."

"ಕದಲ್ದೇ ಇದ್ರೆ?"

"ಅದ್ರ ಕಣ್ಣಿಗೆ ಕಾಣಲ್ಲ."

"ಹಂಗಾರೆ ಈರಭದ್ರಪ್ಪ ಯಾವತ್ತೂ ಅದ್ಕೆ ಕಾಣಲ್ಲ ಬುಡು. ಕುಂತ ಜಾಗ ಬಿಟ್ಟು ಎದ್ದೋನಲ್ಲ," ಎಂದು ಹುಲಿಯಮ್ಮ ನಕ್ಕಳು. "ಬತ್ತೀನಿ ತಡಿ."

ಅವಳು ಬರುವಷ್ಟರಲ್ಲಿ ಜಗಲಿಯ ಮೇಲೆ ಈರಭದ್ರಪ್ಪ ಕರೆಸಿದ್ದ ಗೊಬ್ಬರದಂಗಡಿ ಮಂಜಪ್ಪನೂ ಇನ್ನಿಬ್ಬರೂ ಕಾಫಿ ಹಿಡಿದು ಕೂತಿದ್ದರು. ಹುಲಿಯಮ್ಮ ಅಭ್ಯಾಸಬಲದಿಂದ ಹಿತ್ತಿಲ ಕಡೆ ತಿರುಗಿದಳು.

"ಮುಂದ್ಗಡೆಯಿಂದ ಬಾರೇ," ಎಂದ ಮಂಜಪ್ಪ. "ಇವತ್ತು ನಿಂದೇ ಮೆರವಣಿಗೆ."

ಅಷ್ಟು ವರ್ಷ ಆ ಮನೆಯ ಬಟ್ಟೆ ಒಗೆದವಳು ನಡುಮನೆಯನ್ನು ನೋಡಿದ್ದು ಅಂದೇ ಮೊದಲು. ಉಂಗುರ ಕಾಣೆಯಾದದ್ದು ಹಿತ್ತಿಲಲ್ಲಿ, ಕಾವಲು ಮಾತ್ರ ನಡುಮನೆಗೆ.

"ಈ ಬಾಗ್ಲಿಂದ ಬೀರು ರೂಮಿನಗಂಟ ನಡಿ," ಎಂದ ಈರಭದ್ರಪ್ಪ. "ಬಗ್ಗಿ, ಕಳ್ಳಹೆಜ್ಜೆ ಇಟ್ಕೊಂಡು. ನಿಂಗೇನ್ ಹೇಳ್ಕೊಡ್ಬೇಕಾ?"

ಅವನು ಪೆಟ್ಟಿಗೆಯ ನಂಬರ್ ಒತ್ತಿ, ಎಲ್ಲರನ್ನೂ ಜಗಲಿಗೆ ಕರೆದುಕೊಂಡು ಹೊರಬಂದ. ಪೆಟ್ಟಿಗೆ ಟಿಕ್ ಟಿಕ್ ಎನ್ನತೊಡಗಿತು. ಆ ಸದ್ದು ನಿಂತ ಮೇಲೆ ಕಾವಲು ಶುರು. ಬಾಗಿಲ ಬಳಿ ಕಾಯಬೇಕಿದ್ದ ಹುಲಿಯಮ್ಮ ಪೇಪರನ್ನು ದಾಟಿ, ನಡುಮನೆಯ ನಟ್ಟನಡುವೆ ಹೋಗಿ, ಟೈಲ್ಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಂಡಿಯ ಮೇಲೆ ಕೈ ಇಟ್ಟುಕೊಂಡಳು.

ಟಿಕ್ ಟಿಕ್ ನಿಂತಿತು.

"ನಡಿಯೇ."

"ನಡ್ಯಲ್ಲ." ತುಟಿ ಮಾತ್ರ ಅಲುಗಿತು.

"ಏಯ್ ಲೌಡಿ, ಎದ್ದು ನಡಿ ಅಂದೆ."

"ಕದ್ದಿದ್ರೆ ನಡೀತಿದ್ದೆ."

ಪಿಂಕಿ ಸೋಫಾದಿಂದಿಳಿದು ಅವಳನ್ನು ಮೂಸಿ, ಮತ್ತೆ ಹೋಗಿ ಮಲಗಿತು. ಪೆಟ್ಟಿಗೆ ತೆಪ್ಪಗಿತ್ತು. ಮಂಜಪ್ಪನಿಗೆ ನಗು ತಡೆಯಲಾಗಲಿಲ್ಲ.

"ಏನಯ್ಯ ಈರಭದ್ರಪ್ಪ, ಕಣ್ಣೆದುರಿಗೆ ಕುಂತೋಳ್ನೇ ಹಿಡೀಲಿಲ್ವಲ್ಲ ನಿನ್ ಮಿಷಿನ್ನು. ನಿನ್ ಮಂಡಿಯ ಕಳ್ಳತಕ್ಕಡಿ ಬಿಚ್ಚಿ ಮಾಡ್ಸಿದ್ಯೇನು?"

ಈರಭದ್ರಪ್ಪ ಪಂಚೆ ಎತ್ತಿ ಕಟ್ಟಿ, ಹಲ್ಲು ಕಡಿಯುತ್ತ ಒಳಗೆ ನುಗ್ಗಿದ.

ಸೈರನ್ ಕೂಗಿತು. ಕೂಗಿದ್ದು ಎಂಥ ಕೂಗು ಎಂದರೆ ಪಿಂಕಿ ಸೋಫಾದ ಕೆಳಗೆ ತೂರಿತು, ಮಂಜಪ್ಪನ ಕಾಫಿ ಅಂಗಿಯ ಮೇಲಾಯಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಅಂದು ಸೆರಗು ಕೊಡವಿದ್ದನ್ನು ನಿಂತು ನೋಡಿದವರೇ ಇಂದೂ ಓಡಿ ಬಂದರು.

"ಕಳ್ಳ ಸಿಕ್ನಾ?" ಯಾರೋ ಅರಚಿ ಕೇಳಿದರು.

"ಸಿಕ್ದ," ಎಂದು ಮಂಜಪ್ಪ ನಡುಮನೆಯಲ್ಲಿ ಪಂಚೆ ಹಿಡಿದು ನಿಂತಿದ್ದವನ ಕಡೆ ಕೈ ತೋರಿಸಿದ.

ಈರಭದ್ರಪ್ಪ ಪೆಟ್ಟಿಗೆಯತ್ತ ಓಡಿ ನಂಬರ್ ಒತ್ತಿದ. ತಪ್ಪಾಯಿತು. ಇನ್ನೊಂದು ಒತ್ತಿದ. ಅದೂ ತಪ್ಪಾಯಿತು.

"ಆಫ್ ಮಾಡೇ ಮುಂಡೇದೆ!"

"ನಂಬರ್ ನಂಗೊತ್ತಿಲ್ಲ ಸಾರ್," ಎಂದಳು ಕೋಮಲಾ, ಬಾಗಿಲ ಬಳಿ ಕೈಕಟ್ಟಿ ನಿಂತು. "ಆಕಡೆ ತಿರುಗಿದ್ದೆ."

ಸೈರನ್ ತನ್ನ ಹೊತ್ತು ಮುಗಿಸಿ ತಾನೇ ಸುಮ್ಮನಾಯಿತು. ಈರಭದ್ರಪ್ಪ ಹುಲಿಯಮ್ಮನ ಕಡೆ ತಿರುಗಿದ.

"ಏಳೇ. ನಡಿ ಆಚೆ."

ಹುಲಿಯಮ್ಮ ಬಾಗಿಲಲ್ಲಿ ನಿಂತಿದ್ದ ಕಾಶಮ್ಮನ ಬೆರಳಿನ ಉಂಗುರವನ್ನು ನೋಡಿದಳು. ಬೀದಿಯವರೂ ಅತ್ತಲೇ ನೋಡಿದರು. ಕಾಶಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅದು ಎಲ್ಲಿ ಸಿಕ್ತು ಅಂತ ಬೀದಿಗೆ ಹೇಳಿ ಈರಭದ್ರಪ್ಪೋರೆ," ಎಂದಳು ಹುಲಿಯಮ್ಮ, ಕೂತಲ್ಲಿಂದ ಕದಲದೆ. "ಅಲ್ಲೀಗಂಟ ನಾನು ನಡ್ಯಲ್ಲ."