ಮೊಹರಿಲ್ಲದ ಓದು

ಡೈರಿಯ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವ ಅವಳನ್ನು ಎದುರು ರಸ್ತೆಯ ಗ್ರಂಥಾಲಯದಲ್ಲಿ ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಮಧ್ಯಾಹ್ನ ಒಂದಕ್ಕೆ ಸರಿಯಾಗಿ, ಬಿಳಿ ಕೋಟನ್ನೂ ಕಳಚದೆ ಬಂದು, ಕಿಟಕಿ ಪಕ್ಕದ ಮೇಜಿನಲ್ಲಿ ಮುಕ್ಕಾಲು ಗಂಟೆ ಓದಿ, ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು ಹೋಗುವುದು ಅವಳ ಕ್ರಮ. ಮನೆಗೆ ಒಂದನ್ನೂ ಒಯ್ಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಯ್ದ ಪುಸ್ತಕದ ಮೇಲೆ ಅತ್ತೆ ಕುದಿಯುವ ಪಾತ್ರೆ ಇಳಿಸಿದ್ದರು. "ದಪ್ಪಗಿತ್ತು, ಮಣೆ ಅನ್ಕೊಂಡೆ ಕಣೇ" ಎಂದಿದ್ದರು. ಅಂದಿನಿಂದ ಓದೇನಿದ್ದರೂ ಗ್ರಂಥಾಲಯದಲ್ಲೇ.

ಆ ಸೋಮವಾರ ಬಂದಾಗ ಕಪಾಟುಗಳು ಹಲ್ಲುದುರಿದ ಬಾಯಿಯಂತಿದ್ದವು. ನೆಲದ ಮೇಲೆ ಹನ್ನೊಂದು ಗೋಣಿಚೀಲ.

"ಏನಿದು ಅಣ್ಣಾ?"

ಗ್ರಂಥಪಾಲಕರು ತಲೆ ಎತ್ತಲಿಲ್ಲ. "ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕ ರದ್ದಿಗೆ ಹಾಕಿ ಅಂತ ಆದೇಶ ಬಂದಿದೆ ಅಕ್ಕಾ. ಇನ್ನೂರ ಹದಿನಾಲ್ಕು. ನಾಡಿದ್ದು ಅಧಿಕಾರಿ ಬಂದು ಸಹಿ ಹಾಕಿದ್ರೆ ಮುಗೀತು."

ಅವಳು ಒಂದು ಚೀಲದ ಬಾಯಿ ಬಿಚ್ಚಿದಳು. ಮೇಲೆ ಜೇನುಸಾಕಣೆಯ ಕೈಪಿಡಿ, ಅದರಡಿ ದೆವ್ವದ ಕಥೆಗಳು, ಅದರಡಿ ಒಂದು ಕವನ ಸಂಕಲನ. ಎಲ್ಲ ಅವಳು ಓದಿದವೇ. ಹಿಂಬದಿಯ ಚೀಟಿ ಮಾತ್ರ ಎಲ್ಲದರಲ್ಲೂ ಖಾಲಿ. ಮನೆಗೆ ಒಯ್ದರಷ್ಟೇ ಆ ಚೀಟಿಯ ಮೇಲೆ ತಾರೀಖಿನ ಮೊಹರು ಬೀಳುತ್ತಿತ್ತು. ಹಾಳಾಗದಿರಲಿ ಎಂದು ಇಲ್ಲೇ ಕೂತು ಓದಿದ್ದಕ್ಕೆ ಇವು ಯಾರೂ ಓದದ ಪುಸ್ತಕಗಳಾಗಿಬಿಟ್ಟಿದ್ದವು.

"ನಾನು ದಿನಾ ಓದೋದನ್ನ ನೀವೇ ನೋಡ್ತಿರಲಿಲ್ವಾ ಅಣ್ಣಾ?"

"ನಾನು ನೋಡಿದ್ದು ಕಾಗದದ ಮೇಲೆ ಇಲ್ವಲ್ಲಕ್ಕಾ. ಅವರು ಕೇಳೋದು ದಾಖಲೆ."

"ದಾಖಲೆ ತಾನೇ?" ಎಂದಳು.

ಬುಧವಾರ ಅವಳು ಬಂದದ್ದು ಏಳು ದಪ್ಪ ನೋಟುಪುಸ್ತಕ ಹೊತ್ತು. ವಿಜ್ಞಾನ ಕಲಿತ ಕೈ, ಕಂಡದ್ದನ್ನು ಬರೆದಿಡದೆ ಬಿಡದು. ಹಾಲಿನ ಮಾದರಿಗೆ ಹೇಗೋ ಪುಸ್ತಕಕ್ಕೂ ಹಾಗೇ: ಬೆನ್ನಿನ ಸಂಖ್ಯೆ, ಓದಿದ ತಾರೀಖು, ಅನ್ನಿಸಿದ್ದು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಪುಟ ತಿರುವಿದರು. "ಎರಡು ದಿನ ಕೂತು ಬರೆದಿದ್ದಲ್ಲ ಅಂತ ಹೇಗಮ್ಮಾ ನಂಬೋದು?"

"ಸೋಮವಾರದಿಂದ ಚೀಲಗಳು ಬೀಗದೊಳಗಿದ್ವು ಸಾರ್" ಎಂದರು ಗ್ರಂಥಪಾಲಕರು. "ಕೀಲಿಕೈ ನನ್ನ ಹತ್ರಾನೇ ಇತ್ತು."

"ಯಾವುದಾದ್ರೂ ಚೀಲಕ್ಕೆ ಕೈ ಹಾಕಿ ಸಾರ್" ಎಂದಳು ಅವಳು. "ನಾವು ಹಾಲನ್ನೂ ಹಾಗೇ ಪರೀಕ್ಷೆ ಮಾಡೋದು."

ಅವರು ಒಂದು ಪತ್ತೇದಾರಿ ಕಾದಂಬರಿ ಎಳೆದು ಸಂಖ್ಯೆ ಓದಿದರು. ಅವಳು ಮೂರನೆಯ ನೋಟುಪುಸ್ತಕ ತೆರೆದಳು. "'ಕೊಲೆಗಾರ ಯಾರೆಂದು ಅರವತ್ತನೆಯ ಪುಟಕ್ಕೇ ಗೊತ್ತಾಯಿತು. ಆದರೂ ಬಿಡಲಾಗಲಿಲ್ಲ, ಅವನು ಸಿಕ್ಕಿಬೀಳದಿರಲಿ ಅನ್ನಿಸತೊಡಗಿತ್ತು. ನೂರ ನಲವತ್ತಮೂರನೆಯ ಪುಟ ಹರಿದುಹೋಗಿದೆ.'"

ಅಧಿಕಾರಿ ಹುಡುಕಿದರು. ಪುಟ ಇರಲಿಲ್ಲ.

ದೆವ್ವದ ಕಥೆಗಳು ಹೊರಬಂದವು. "'ಹಾಡುಹಗಲಲ್ಲಿ ಓದಿದ್ದರಿಂದ ಹೆದರಿಕೆಯಾಗಲಿಲ್ಲ. ಸಂಜೆ ಡೈರಿಯ ಶೀತಲಕೋಣೆಗೆ ಮಾತ್ರ ಒಬ್ಬಳೇ ಹೋಗಲಿಲ್ಲ.'"

ಗ್ರಂಥಪಾಲಕರು ಕಿಸಕ್ಕೆಂದರು.

ಜೇನುಸಾಕಣೆ. "'ಸಾಕುವ ಯೋಚನೆ ಇಲ್ಲ. ರಾಣಿ ಇಲ್ಲವಾದರೆ ಗೂಡಿನ ಸದ್ದೇ ಬದಲಾಗುತ್ತದೆ ಎಂಬ ಒಂದು ವಾಕ್ಯಕ್ಕಾಗಿ ಮೂರು ಸಲ ಓದಿದೆ.'"

ಅಧಿಕಾರಿಗೆ ಈಗ ರುಚಿ ಹತ್ತಿತ್ತು. ಬಣ್ಣಗೆಟ್ಟ ಪ್ರೇಮ ಕಾದಂಬರಿಯೊಂದನ್ನು ಎತ್ತಿ ಹಿಡಿದರು. ಅವಳು ಒಂದು ಗಳಿಗೆ ತಡೆದು ಓದಿದಳು. "'ನೀರು ಹೆಚ್ಚು, ಸಾರ ಕಡಿಮೆ. ಪುಟಕ್ಕೊಂದು ಅಳು.'"

"ಹಾಗಾದ್ರೆ ಇದೊಂದು ಹೋಗ್ಲಿ ಬಿಡಿ."

"ಇನ್ನೊಂದು ಟಿಪ್ಪಣಿ ಇದೆ ಸಾರ್, ಒಂಬತ್ತು ವರ್ಷ ಆದ್ಮೇಲೆ ಬರೆದದ್ದು." ಅವಳ ದನಿ ತಗ್ಗಿತು. "'ಅತ್ತೆ ತೀರಿಕೊಂಡ ವಾರ ಮತ್ತೆ ಓದಿದೆ. ಒಬ್ಬಳೇ ಕೂತು ಅಳಲು ಇಷ್ಟು ಜಾಗ ಬೇರೆ ಯಾವ ಪುಸ್ತಕವೂ ಕೊಡಲಿಲ್ಲ. ಹೋದ ಸಲ ಕೆಟ್ಟದ್ದು ಮಾದರಿಯಲ್ಲ, ಪರೀಕ್ಷಿಸಿದವಳ ಅಳತೆ.'"

ಅವಳು ನೋಟುಪುಸ್ತಕ ಮುಚ್ಚಿದಳು.

"ನಮ್ಮಲ್ಲಿ ಉಪಕರಣ ಸೊನ್ನೆ ತೋರಿಸಿದ್ರೆ ಮೊದಲು ಉಪಕರಣಾನೇ ಅನುಮಾನಿಸ್ತೀವಿ ಸಾರ್. ಈ ಚೀಟಿ ಅಳೆದದ್ದು ಮನೆಗೆ ಒಯ್ದದ್ದನ್ನ, ಓದಿದ್ದನ್ನಲ್ಲ."

"ಇನ್ನೂರ ಹದಿನಾಲ್ಕೂ ಓದಿದೀರಾ?"

"ಇನ್ನೂರ ಹನ್ನೊಂದು. ಸುಳ್ಳು ಯಾಕೆ ಹೇಳ್ಲಿ? ತೆರಿಗೆ ಕಾಯಿದೆಯ ವಿವರಣೆ, ಮೂರು ಸಂಪುಟ, ನನ್ನ ಕೈಲಾಗ್ಲಿಲ್ಲ."

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. "ಅದನ್ನ ನಾನು ಪರೀಕ್ಷೆಗೂ ಓದ್ಲಿಲ್ಲಮ್ಮಾ!" ರದ್ದಿಯ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದು ಬರೆದರು: 'ಗ್ರಂಥಾಲಯದಲ್ಲೇ ಬಳಕೆಯಾಗಿವೆ. ದಾಖಲೆ ಪರಿಶೀಲಿಸಿದ್ದೇನೆ. ಇನ್ನೂರ ಹನ್ನೊಂದು ಪುಸ್ತಕ ಉಳಿಸಿಕೊಳ್ಳುವುದು.' ಕೆಳಗೆ ದೊಡ್ಡದಾಗಿ ಸಹಿ.

ಗ್ರಂಥಪಾಲಕರು ಹುರಿಗಳನ್ನು ಕತ್ತರಿಸಿದ ರಭಸಕ್ಕೆ ಪುಸ್ತಕಗಳು ನೆಲದ ತುಂಬ ಹರಡಿಕೊಂಡವು. ಅವಳು ಏಣಿ ಹತ್ತಿ ನಿಂತಳು. ಕೆಳಗಿನಿಂದ ಗ್ರಂಥಪಾಲಕರು ಸಂಖ್ಯೆ ಕೂಗಿ ಕೊಡುವುದು, ಅವಳು ನೋಡದೆಯೇ ಜಾಗಕ್ಕೆ ಸೇರಿಸುವುದು. ನಿಂತು ನೋಡುತ್ತಿದ್ದ ಅಧಿಕಾರಿ ಕೊನೆಗೆ ಅಂಗಿಯ ತೋಳು ಮಡಿಸಿ ತಾವೂ ಒಂದು ಪುಸ್ತಕ ತಂದು ಕಾದಂಬರಿಗಳ ನಡುವೆ ತುರುಕಹೊರಟರು.

"ಅಲ್ಲಲ್ಲ ಸಾರ್" ಅವಳು ಮೇಲಿನಿಂದಲೇ ಗದರಿದಳು, "ಅದು ಸಮುದ್ರಯಾನ. ಈ ಸಾಲಿಗೆ ಬರ್ಬೇಕು, ಕೊಡಿ ಇಲ್ಲಿ!"

ಅಧಿಕಾರಿ ತುದಿಗಾಲಲ್ಲಿ ನಿಂತು ಪುಸ್ತಕವನ್ನು ಅವಳ ಕೈಗೆ ಎತ್ತಿ ಕೊಟ್ಟರು.